ಕೋಶಗಳ ನಡುವಿನ ಕಿಂಡಿ

ಕೇಳುಗರಿಗೆ ನಮಸ್ಕಾರ.

ದಾಳಿಂಬೆ ಬಿಡಿಸುವಾಗ ನೋಡಿರುತ್ತೀರಿ, ಕಾಳುಗಳು ಒಂದಕ್ಕೊಂದು ಎಷ್ಟು ಒತ್ತಾಗಿ ಕೂತಿರುತ್ತವೆ ಅಂತ. ನಮ್ಮ ಕರುಳಿನ, ಕಿಡ್ನಿಯ ನಾಳಗಳ ಒಳಮೈಯಲ್ಲಿ ಜೀವಕೋಶಗಳೂ ಹಾಗೇ ಕೂತಿವೆ. ಅಕ್ಕಪಕ್ಕದ ಕೋಶಗಳು ತಲೆಯ ಹತ್ತಿರ ಹೊಲಿದ ಹಾಗೆ ಅಂಟಿಕೊಂಡಿರುತ್ತವೆ. ಆ ಹೊಲಿಗೆಗೆ ಟೈಟ್ ಜಂಕ್ಷನ್ ಎಂದು ಹೆಸರು. ಹೆಸರು ಕೇಳಿದರೆ ಏನೂ ನುಸುಳದ ಜಾಗ ಅನ್ನಿಸುತ್ತದೆ, ಅಲ್ವಾ? ಆದರೆ ಸೋಡಿಯಂ, ಮೆಗ್ನೀಸಿಯಂನಂಥ ಅಯಾನುಗಳು, ಅಂದರೆ ವಿದ್ಯುತ್ ಹೊತ್ತ ಕಣಗಳು, ಇಲ್ಲಿಂದಲೂ ದಾಟುತ್ತವೆ. ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ಹೊಲಿಗೆಯೇ ಆರಿಸುತ್ತದೆ.

ಈ ಆರಿಸುವ ಕೆಲಸ ಕ್ಲಾಡಿನ್ ಎಂಬ ಪ್ರೋಟೀನುಗಳದ್ದು. 1998ರಲ್ಲಿ ಜಪಾನಿನ ಮಿಕಿಯೋ ಫುರುಸೆ, ಶೋಯಿಚಿರೋ ತ್ಸುಕಿಟಾ ಮತ್ತು ಜೊತೆಗಾರರು ಕೋಳಿಯ ಲಿವರಿನಿಂದ ಇವನ್ನು ಹೆಕ್ಕಿ ತೆಗೆದರು. ಮುಚ್ಚು ಎನ್ನುವ ಲ್ಯಾಟಿನ್ ಮಾತಿನಿಂದ ಹೆಸರಿಟ್ಟರು. ಈ ಮನೆತನದಲ್ಲಿ 20ಕ್ಕೂ ಹೆಚ್ಚು ಪ್ರೋಟೀನುಗಳಿವೆ. ಕೆಲವು ಬಾಗಿಲು ಹಾಕುತ್ತವೆ, ಕೆಲವು ಕಿಂಡಿ ತೆರೆಯುತ್ತವೆ.

ನನಗೆ ತುಂಬಾ ಇಷ್ಟವಾದ ಕಿಂಡಿ ಕಿಡ್ನಿಯಲ್ಲಿದೆ. ಅಲ್ಲಿ ಹೆನ್ಲೆಯ ಕುಣಿಕೆ ಎಂಬ ಸಣ್ಣ ನಾಳ ಕೆಳಗಿಳಿದು ಮತ್ತೆ ಮೇಲೇರುತ್ತದೆ. ಮೇಲೇರುವ ಕಡೆ ಅದರ ಗೋಡೆ ದಪ್ಪ. ಆ ಗೋಡೆಯ ಕೋಶಗಳು ನಾಳದಿಂದ ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಮೂರನ್ನೂ ಎಳೆದುಕೊಳ್ಳುತ್ತವೆ. ಅದರಲ್ಲಿ ಪ್ಲಸ್ ವಿದ್ಯುತ್ ಹೊತ್ತ ಪೊಟ್ಯಾಸಿಯಂ ವಾಪಸ್ ನಾಳಕ್ಕೇ ಸೋರುತ್ತದೆ. ಇದರಿಂದ ನಾಳದ ಒಳಗೆ ಕೆಲವೇ ಮಿಲಿವೋಲ್ಟಿನಷ್ಟು ಪ್ಲಸ್ ಉಳಿಯುತ್ತದೆ. ಮೆಗ್ನೀಸಿಯಂ ಕೂಡ ಪ್ಲಸ್. ಪ್ಲಸ್ಸನ್ನು ಪ್ಲಸ್ ದೂಡುತ್ತದೆ. ಮೆಗ್ನೀಸಿಯಂ ಕೋಶದೊಳಗೆ ಕಾಲಿಡದೆ, ಎರಡು ಕೋಶಗಳ ನಡುವಿನಿಂದಲೇ ರಕ್ತದ ಕಡೆಗೆ ಜಾರುತ್ತದೆ. ಆ ಸಂದಿಯಲ್ಲಿ ಪಂಪೂ ಇಲ್ಲ, ಏನೂ ಇಲ್ಲ. ಕಿಡ್ನಿ ಸೋಸಿದ ಮೆಗ್ನೀಸಿಯಂನಲ್ಲಿ ಶೇಕಡಾ 60ರಿಂದ 70ರಷ್ಟು ದೇಹಕ್ಕೆ ಮರಳುವುದು ಇಲ್ಲಿಂದಲೇ. ಕ್ಯಾಲ್ಸಿಯಂ ಕೂಡ ಸ್ವಲ್ಪ ಇದೇ ದಾರಿ ಹಿಡಿಯುತ್ತದೆ.

ಈ ಕಿಂಡಿ ಕಾಯುವುದು ಕ್ಲಾಡಿನ್ 16 ಮತ್ತು 19. ಮೊದಲನೆಯದರ ಮಹತ್ವ 1999ರಲ್ಲಿ ತಿಳಿಯಿತು, ಅದೂ ಕಾಯಿಲೆ ಬಿದ್ದ ಮಕ್ಕಳಿಂದ. ತಂದೆ, ತಾಯಿ ಇಬ್ಬರಿಂದಲೂ ಅದರ ಕೆಟ್ಟ ಜೀನ್ ಬಂದ ಮಗುವಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ ಎರಡೂ ಮೂತ್ರದಲ್ಲಿ ಹರಿದು ಹೋಗುತ್ತವೆ. ಕೈಕಾಲು ಸೆಟೆದುಕೊಳ್ಳಬಹುದು, ಫಿಟ್ಸ್ ಬರಬಹುದು. ಕಿಡ್ನಿಯಲ್ಲಿ ಕ್ಯಾಲ್ಸಿಯಂ ಕಟ್ಟುತ್ತದೆ. ಬರಬರುತ್ತಾ ಕಿಡ್ನಿಯೇ ಸೋಲುತ್ತದೆ. ಮೆಗ್ನೀಸಿಯಂ ಮಾತ್ರೆ ಕೊಡುತ್ತಾರೆ, ಕೊಡಲೇಬೇಕು. ಆದರೆ ಮಾತ್ರೆಯಿಂದ ಕಿಂಡಿ ಸರಿಹೋಗುವುದಿಲ್ಲವಲ್ಲ. ನುಂಗಿ ರಕ್ತ ಸೇರಿದ್ದರಲ್ಲಿ ಬಹಳಷ್ಟು ಮತ್ತೆ ಮೂತ್ರದ ದಾರಿಯನ್ನೇ ಹಿಡಿಯುತ್ತದೆ.