ಮುಯ್ಯಿಯ ಪುಸ್ತಕ

ಕೇಳುಗ ಬಂಧುಗಳಿಗೆ ನಮಸ್ಕಾರ.

ಇಂದು ನಾನು ಮಾತನಾಡಲಿರುವುದು ನಮ್ಮ ತಂದೆಯವರನ್ನು ಕುರಿತು. ಅವರು ಹೆಸರು ಮಾಡಿದವರಲ್ಲ. ಮಾಗಡಿ ತಾಲ್ಲೂಕಿನ ಒಂದು ಸಣ್ಣ ಹಳ್ಳಿಯಲ್ಲಿ ನಾಲ್ಕು ಎಕರೆ ಖುಷ್ಕಿಯನ್ನೂ, ಕೆರೆಯ ಕೆಳಗಿನ ಹದಿನೈದು ಗುಂಟೆ ಗದ್ದೆಯನ್ನೂ ನಂಬಿಕೊಂಡು ಬದುಕಿದ ರೈತರು. ಮನೆಯಲ್ಲಿ ನಾವು ಮಕ್ಕಳು ಅವರನ್ನು ಅಪ್ಪ ಎಂದು ಏಕವಚನದಲ್ಲಿಯೇ ಮಾತನಾಡಿಸುತ್ತಿದ್ದೆವು. ಬಾನುಲಿಯಲ್ಲಿ ಬಹುವಚನ ಬಳಸುವಾಗ ನಾಲಿಗೆ ಸ್ವಲ್ಪ ತಡವರಿಸಿದರೆ ತಾವು ಕ್ಷಮಿಸಬೇಕು.

ಅವರು ಬಿಟ್ಟುಹೋದದ್ದರಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆಂದು ತೋರುವುದು ಒಂದು ಲೆಕ್ಕದ ಪುಸ್ತಕ. ರಟ್ಟು ಕಿತ್ತುಬಂದ, ಹೊಗೆ ಕುಡಿದು ಕಂದಿದ ಆ ಪುಸ್ತಕ ಅಡುಗೆಮನೆಯ ಗೋಡೆಯ ಗೂಡಿನಲ್ಲಿ, ಉಪ್ಪಿನ ಮಡಕೆಯ ಪಕ್ಕದಲ್ಲಿ ಇರುತ್ತಿತ್ತು. ಅದರಲ್ಲಿ ರೂಪಾಯಿ ಪೈಸೆಯ ಲೆಕ್ಕ ಒಂದೂ ಇರಲಿಲ್ಲ; ಇದ್ದದ್ದೆಲ್ಲ ಮುಯ್ಯಿಯ ಲೆಕ್ಕ.

ಮುಯ್ಯಿ ಎಂಬ ಮಾತು ಹಳೇ ಮೈಸೂರು ಸೀಮೆಯ ಕೇಳುಗರಿಗೆ ಹೊಸದಲ್ಲ. ಮದುವೆಯಲ್ಲಿ ಓದಿಸುವ ಉಡುಗೊರೆಯೂ ಮುಯ್ಯಿ. ಒಬ್ಬರ ಹೊಲದಲ್ಲಿ ಒಂದು ದಿನ ದುಡಿದು, ಅವರಿಂದ ನಮ್ಮ ಹೊಲಕ್ಕೆ ಒಂದು ದಿನದ ದುಡಿಮೆ ಪಡೆಯುವುದೂ ಮುಯ್ಯಿಯೇ. ಹಾಗೆ ಬಂದವರಿಗೆ ಮುಯ್ಯಾಳು ಎನ್ನುತ್ತೇವೆ. ಮಳೆಯನ್ನೇ ನಂಬಿದ ರಾಗಿಯ ಬೇಸಾಯಕ್ಕೆ ಇದಿಲ್ಲದೆ ನಡೆಯುತ್ತಲೇ ಇರಲಿಲ್ಲ. ಒಳ್ಳೆಯ ಮಳೆ ಬಿದ್ದು ನೆಲ ಹದಕ್ಕೆ ಬಂದರೆ ಆ ಹದ ನಿಲ್ಲುವುದು ಎರಡು ಮೂರು ದಿನ. ಅಷ್ಟರೊಳಗೆ ಬಿತ್ತನೆ ಮುಗಿಯಬೇಕು. ಎತ್ತು ಹೊಡೆಯಲು ಒಬ್ಬರು, ಕೂರಿಗೆಗೆ ಬೀಜ ಬಿಡಲು ಒಬ್ಬರು, ಹಿಂದೆ ಹಗ್ಗ ಕಟ್ಟಿದ ಬಿದಿರಿನ ಕೊಳವೆ ಹಿಡಿದು ಅಕ್ಕಡಿ ಸಾಲಿಗೆ ಅವರೆಯನ್ನೋ ತೊಗರಿಯನ್ನೋ ಬಿಡಲು ಇನ್ನೊಬ್ಬರು. ಯಾವ ಮನೆಯಲ್ಲೂ ಇಷ್ಟು ಕೈ ಇರುವುದಿಲ್ಲ. ಹೀಗಾಗಿ ಊರಿನ ಹೊಲಗಳೆಲ್ಲ ಒಂದಾದ ಮೇಲೊಂದರಂತೆ ಎಲ್ಲರ ಕೈಯಿಂದಲೂ ಬಿತ್ತನೆಯಾಗುತ್ತಿದ್ದವು.

ಇತರರು ಈ ಲೆಕ್ಕವನ್ನು ಬಾಯಲ್ಲಿಟ್ಟುಕೊಂಡಿದ್ದರು. ನಮ್ಮ ತಂದೆಯವರು ಬರೆದಿಡುತ್ತಿದ್ದರು. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವರಾದರೂ ಅವರ ಅಕ್ಷರ ದುಂಡಗಿತ್ತು. ತಮಗೆ ಬರಬೇಕಾದ ಆಳುಗಳನ್ನು ಅವರು ಬರೆಯುತ್ತಿರಲಿಲ್ಲ ಎಂಬುದನ್ನು ನಾನು ಬಹಳ ತಡವಾಗಿ ಗಮನಿಸಿದೆ. ಅಲ್ಲಿರುವುದೆಲ್ಲ ತಾವು ತೀರಿಸಬೇಕಾದದ್ದು. ಊರಿನ ವಿಧವೆಯೊಬ್ಬರು ಅರ್ಧ ದಿನ ಕಳೆ ಕಿತ್ತಿದ್ದರೆ, ಅರ್ಧ ದಿನ ಎಂದು ಅವರ ಹೆಸರಿನ ಮುಂದೆ ಬರೆದಿರುತ್ತಿತ್ತು. ತೀರಿಸಿದ ಮೇಲೆ ಆ ಸಾಲಿನ ಮೇಲೆ ನೇರವಾಗಿ ಒಂದು ಗೆರೆ.

ಸುಗ್ಗಿಯ ಒಂದು ಸಂಜೆಯನ್ನು ತಮ್ಮ ಮುಂದಿಡಬೇಕು. ಕಣವನ್ನು ಸಗಣಿಯಿಂದ ಸಾರಿಸಿ, ರಾಗಿಯನ್ನು ತೂರಿ ರಾಶಿ ಮಾಡಿ, ಅದರ ನೆತ್ತಿಯ ಮೇಲೆ ಗರಿಕೆ ಸಿಕ್ಕಿಸಿದ ಬೆನಕನನ್ನು ಇಟ್ಟು ಪೂಜೆಯಾದ ಮೇಲೆ ಅಳತೆ ಆರಂಭವಾಗುತ್ತಿತ್ತು. ಕೊಳಗ ಹಿಡಿದ ತಂದೆಯವರು ಮೊದಲನೆಯದನ್ನು ಒಂದು ಎನ್ನದೆ "ಲಾಭ" ಎಂದು ರಾಗವಾಗಿ ಎಳೆದು, ಆಮೇಲೆ ಎರಡು, ಮೂರು ಎಂದು ಎಣಿಸುವರು. ಕಬ್ಬಿಣದ ಕೆಲಸದವರಿಗೆ, ಮರಗೆಲಸದವರಿಗೆ, ಕೆರೆಯ ನೀರಗಂಟಿಗೆ ಆಯ, ಎಂದರೆ ಅವರ ಕೆಲಸಕ್ಕೆ ಸಲ್ಲುವ ಕಾಳಿನ ಪಾಲು, ಎತ್ತಿಟ್ಟ ಮೇಲೆಯೇ ರಾಶಿ ಮನೆಗೆ ಬರಬೇಕು. ಆಯದ ಆ ಪದ್ಧತಿಯಲ್ಲಿ ಕೊಡುವವರು ಮೇಲೆ, ಬೇಡುವವರು ಕೆಳಗೆ ಎಂಬ ಭಾವವೂ ಬೆರೆತಿತ್ತೆಂಬುದನ್ನು ನಾನು ಮರೆಮಾಚಲಾರೆ. ಎಷ್ಟೋ ಕಣಗಳಲ್ಲಿ ಆ ಜನರು ದೂರದಲ್ಲಿ ನಿಂತು ಕಾಯುವುದನ್ನು ಕಣ್ಣಾರೆ ಕಂಡಿದ್ದೇನೆ. ನಮ್ಮ ಕಣದಲ್ಲಿ ಅವರು ಚಾಪೆಯ ಮೇಲೆ ಕುಳಿತು ಅವರೆಕಾಳಿನ ಸಾರಿನಲ್ಲಿ ನಮ್ಮೊಂದಿಗೇ ಊಟ ಮಾಡುತ್ತಿದ್ದರು. ಅದಕ್ಕಾಗಿ ನಮ್ಮ ಅಜ್ಜಿ ಎರಡು ದಿನ ಮಗನೊಡನೆ ಮಾತು ಬಿಟ್ಟಿದ್ದೂ ಉಂಟು.

ಮನೆಗಿಂತ ಊರೇ ಅವರಿಗೆ ಹೆಚ್ಚಾಯಿತೆಂದು ಅಮ್ಮನಿಗೂ ಆಗಾಗ ಬೇಸರವಾಗುತ್ತಿತ್ತು. ಬೇಸಿಗೆಯಲ್ಲಿ ಕೆರೆಯ ಹೂಳೆತ್ತಿ ಹೊಲಗಳಿಗೆ ಗೋಡು ಹೊಡೆಯುವಾಗ ಮೊದಲ ಗಾಡಿ ನಮ್ಮದು. ತೂಬಿನ ಬಾಯಿ ಕಟ್ಟಿಕೊಂಡರೆ ನೀರಿಗಿಳಿಯುವವರೂ ಅವರೇ. 1986ರಲ್ಲಿ ಬೆಂಗಳೂರು ಜಿಲ್ಲೆ ಎರಡಾಗಿ ನಮ್ಮೂರು ಗ್ರಾಮಾಂತರಕ್ಕೆ ಸೇರಿದಾಗ, ಮತ್ತೆ 2007ರಲ್ಲಿ ಹೊಸದಾಗಿ ಆದ ರಾಮನಗರ ಜಿಲ್ಲೆಗೆ ಹೋದಾಗ, ಯಾವ ಕಾಗದಕ್ಕೆ ಯಾವ ಊರಿನ ಕಚೇರಿ ಎಂದು ತಿಳಿಯದ ಮುದುಕರನ್ನು ಬಸ್ಸು ಹತ್ತಿಸಿಕೊಂಡು ಹೋಗಿ, ಅರ್ಜಿ ಬರೆಸಿ, ಸಂಜೆ ಅವರವರ ಮನೆಯ ಬಾಗಿಲಿಗೆ ಬಿಟ್ಟು ಬರುತ್ತಿದ್ದರು. ನನಗೆ ಜ್ವರ ಬಂದು ಮಲಗಿದ್ದ ಒಂದು ದಿನವೂ ಹಾಗೆ ಹೋಗಿದ್ದರು. ಆ ರಾತ್ರಿ ಅವರು ನನ್ನ ಹಾಸಿಗೆಯ ಪಕ್ಕದಲ್ಲಿ ಬೆಳಗಿನವರೆಗೂ ಕುಳಿತಿದ್ದರೆಂದು ಅಮ್ಮ ಹೇಳಿದ್ದು ನನ್ನ ಮದುವೆಯಾದ ಮೇಲೆ.

ಅಮ್ಮನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ನಾನು ಬೆಂಗಳೂರಿಗೆ ಕರೆದುಕೊಂಡು ಬರುತ್ತೇನೆಂದರೆ ಇಬ್ಬರೂ ಒಪ್ಪಲಿಲ್ಲ. ಅದುವರೆಗೆ ಒಲೆಯ ಮುಂದೆ ಕೂರದಿದ್ದ ತಂದೆಯವರು ಅರವತ್ತು ದಾಟಿದ ವಯಸ್ಸಿನಲ್ಲಿ ಹಿಟ್ಟು ತಿರುವಲು ಕಲಿತರು. ಮಡಕೆಯನ್ನು ಕವೆಗೋಲಿನಿಂದ ಒತ್ತಿ ಹಿಡಿದು, ಎರಡು ಕೈಯಲ್ಲೂ ಕೋಲು ಹಿಡಿದು ತಿರುವುತ್ತಿದ್ದರೆ, ಗೋಡೆಗೊರಗಿ ಕುಳಿತ ಅಮ್ಮ, "ತಳದಲ್ಲಿ ಗಂಟೈತೆ, ಒಡೀರಿ" ಎನ್ನುವರು. ಮೊದಲ ವಾರ ಮುದ್ದೆಯ ನಡುವೆ ಒಣಹಿಟ್ಟು ಸಿಗುತ್ತಿತ್ತಂತೆ. ಅಮ್ಮ ಮಾತಾಡದೆ ನುಂಗಿದರಂತೆ. ಆರು ವರ್ಷ ಎರಡು ಹೊತ್ತೂ ಅವರೇ ಅಡುಗೆ ಮಾಡಿದರು, ಅಮ್ಮನ ತಲೆ ಬಾಚಿ ಜಡೆ ಹಾಕಿದರು. ಜಡೆ ಎಂದೂ ನೇರವಾಗಿರಲಿಲ್ಲ. ಅದನ್ನು ಬಿಚ್ಚಿ ಸರಿಮಾಡಲು ನಾನು ಹೋದಾಗ, "ಇರಲಿ ಬಿಡವ್ವ" ಎಂದು ಅಮ್ಮ ನನ್ನ ಕೈ ತಡೆದರು.

ಅಮ್ಮ ಹೋದ ಮೇಲೆ ಒಮ್ಮೆ ಆ ಪುಸ್ತಕ ತೆರೆದು ನೋಡಿದೆ. ಒಂದು ಪುಟದ ಮೇಲೆ ಅಮ್ಮನ ಹೆಸರಿತ್ತು. ಎದುರಿಗೆ ಮೂವತ್ತೆಂಟು ವರ್ಷ ಎಂದು ಬರೆದು, ಅದರ ಕೆಳಗೆ, ತೀರಿಸಿದ್ದು ಆರು ವರ್ಷ ಎಂದಿತ್ತು. ಗೆರೆ ಎಳೆದಿರಲಿಲ್ಲ.

ಅವರಿಗೆ ಬೆಂಗಳೂರಿನ ಮೇಲೆ ಅಕ್ಕರೆಯೇ ಇತ್ತೆಂಬುದನ್ನು ಹೇಳದಿದ್ದರೆ ತಪ್ಪಾದೀತು. ಅರ್ಕಾವತಿಯೂ ಕುಮುದ್ವತಿಯೂ ಕೂಡುವಲ್ಲಿ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಸಿದ್ಧವಾದಂದಿನಿಂದ 1974ರಲ್ಲಿ ಕಾವೇರಿ ಬರುವವರೆಗೆ ಈ ನಗರ ಹೆಚ್ಚಾಗಿ ಕುಡಿದದ್ದು ಆ ನೀರನ್ನೂ ಹೆಸರಘಟ್ಟದ ನೀರನ್ನೂ. "ನಮ್ಮ ಸೀಮೆ ನೀರು ಬೆಂಗಳೂರಿಗೆ ಹೋಯ್ತು, ಬೆಂಗಳೂರು ನನ್ನ ಮಗಳಿಗೆ ವಿದ್ಯೆ ಕೊಡ್ತು" ಎಂದು ಅವರು ಹೇಳುವಾಗ ಅದೂ ಒಂದು ಮುಯ್ಯಿಯೆಂಬ ಭಾವವೇ ಅವರ ಮಾತಿನಲ್ಲಿತ್ತು. ಅವರೆಕಾಯಿಯ ಕಾಲದಲ್ಲಿ ಸೊನೆ ಮೆತ್ತಿದ ಕಾಯಿಯ ಚೀಲ ಹೊತ್ತುಕೊಂಡು ವಿಜಯನಗರದ ನಮ್ಮ ಮನೆಗೆ ಬರುವರು. ಬರುವ ಮುಂಚೆಯೇ ಆ ಸೊಗಡು ಮೆಟ್ಟಿಲು ಹತ್ತಿ ಬರುತ್ತಿತ್ತು. ಒಮ್ಮೆ ಮೆಜೆಸ್ಟಿಕ್‌ನಲ್ಲಿ ಅವರನ್ನು ಇದಿರುಗೊಂಡಾಗ, ಈ ಬಸ್ ನಿಲ್ದಾಣವಿರುವುದು ಹಿಂದಿನ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಎಂದು ಹೇಳಿದೆ. ಅವರು ಚೀಲ ಕೆಳಗಿಟ್ಟು ಸುತ್ತಲೂ ಕಣ್ಣಾಡಿಸಿ, "ಕೋಡಿ ಯಾವ ಕಡೆ ಬೀಳ್ತಿತ್ತು?" ಎಂದು ಕೇಳಿದರು. ಮೂವತ್ತು ವರ್ಷದಿಂದ ಅಲ್ಲಿ ಬಸ್ಸು ಹತ್ತುತ್ತಿದ್ದ ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ.

ಅವರು ತೀರಿಕೊಂಡದ್ದು ಕಾರ್ತಿಕ ಮಾಸದಲ್ಲಿ, ರಾಗಿಯ ತೆನೆ ಕೊಯ್ಲಿಗೆ ಬಂದಿದ್ದಾಗ. ನಾವು ಸೂತಕದಲ್ಲಿದ್ದೆವು. ಮೂರನೆಯ ದಿನ ಹಾಲುತುಪ್ಪ ಬಿಟ್ಟು ಹಿಂದಿರುಗುವಾಗ ನೋಡಿದರೆ ನಮ್ಮ ಹೊಲದಲ್ಲಿ ಇಪ್ಪತ್ತೈದು ಮೂವತ್ತು ಜನ ಕುಡುಗೋಲು ಹಿಡಿದು ಬಗ್ಗಿದ್ದರು. ಯಾರೂ ಅವರನ್ನು ಕರೆದಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅರ್ಧ ಹೊಲ ಅರಿಯಾಗಿ ಬಿದ್ದಿತ್ತು. ನನ್ನ ತಮ್ಮ ಆ ಪುಸ್ತಕ ತಂದು ಬದುವಿನ ಮೇಲೆ ಕುಳಿತು ಹೆಸರು ಬರೆಯತೊಡಗಿದ. ಅರ್ಧ ದಿನದ ಲೆಕ್ಕದಲ್ಲಿದ್ದ ಆ ಅಜ್ಜಿ ಬಂದು, "ಬರ್ಕೋಬ್ಯಾಡ ಕಣಪ್ಪ, ನಿಮ್ಮಪ್ಪಂದೇ ನಮ್ ಮ್ಯಾಲೆ ಬಾಕಿ ಐತೆ" ಎಂದರು. ತಮ್ಮ ತಲೆ ಎತ್ತಲಿಲ್ಲ. ಅವರ ಹೆಸರನ್ನೂ ಬರೆದುಕೊಂಡ.

ಈ ವರ್ಷದ ಕೊಯ್ಲಿನಲ್ಲಿ ಅವನು ಬಿಡುವಾದಾಗಲೆಲ್ಲ ಒಬ್ಬೊಬ್ಬರ ಹೊಲಕ್ಕೆ ಹೋಗಿ ಬರುತ್ತಿದ್ದಾನೆ. ಕಳೆದ ಭಾನುವಾರ ನಾನೂ ಬೆಂಗಳೂರಿನಿಂದ ಬೆಳಗಿನ ಬಸ್ಸಿಗೆ ಹೋಗಿ, ಆ ಅಜ್ಜಿಯ ಹೊಲದಲ್ಲಿ ಸಂಜೆಯವರೆಗೆ ಸಿವುಡು ಕಟ್ಟಿ ಬಂದೆ. ಪುಸ್ತಕದಲ್ಲಿ ಆ ಸಾಲಿನ ಮೇಲೆ ಗೆರೆ ಎಳೆದೆವು. ಇನ್ನು ಆರು ಹೆಸರುಗಳು ಉಳಿದಿವೆ.

ನಮಸ್ಕಾರ.