ಡ್ಯಾಂಪಿಂಗ್ ಇದೆ ಅಂತ ಆರಾಮಾಗಿ ಕೂರಬೇಡಿ

ನಮಸ್ಕಾರ, ದಾವಣಗೆರೆಯಿಂದ. ಕಳೆದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಸರ್, ಐಗನ್ ವ್ಯಾಲ್ಯೂ ಎಲ್ಲ ನೆಗೆಟಿವ್ ಇದ್ದರೆ ಎನರ್ಜಿ ಕರಗಲೇಬೇಕು. ಇಷ್ಟಕ್ಕೆ ಅರ್ಧ ಗಂಟೆ ಯಾಕೆ ಕೊರೀತೀರಿ?" ಇವತ್ತೂ ಕೊರೀತೀನಿ, ಕೂತ್ಕೊಳ್ಳಿ. ಹೊಸಬರಿಗೆ ಒಂದು ಮಾತು: ಡ್ಯಾಂಪಿಂಗ್ ಅಂದ್ರೆ ಅಲುಗಾಟದ ಎನರ್ಜಿ ತಿನ್ನೋ ತಡೆ. ಮ್ಯಾಟ್ರಿಕ್ಸ್ ಅಂದ್ರೆ ಸಿಸ್ಟಮ್ ಹೇಗೆ ನಡೆಯುತ್ತೆ ಅಂತ ಹೇಳೋ ಅಂಕಿಗಳ ಚೌಕ. ಅದರಿಂದ ತೆಗೆಯೋ ಐಗನ್ ವ್ಯಾಲ್ಯೂ ಮೈನಸ್ ಇದ್ದರೆ ಅಲುಗಾಟ ಕರಗುತ್ತೆ, ಪ್ಲಸ್ ಇದ್ದರೆ ಬೆಳೆಯುತ್ತೆ ಅನ್ನೋದು ಪಾಠ.

ಮ್ಯಾಟ್ರಿಕ್ಸಿನ ಅಂಕಿ ಬದಲಾಗದಿದ್ದರೆ ನಿಮ್ಮ ಮಾತು ಸರಿ. ಮ್ಯಾಟ್ರಿಕ್ಸೇ ಕಾಲದ ಜೊತೆ ಬದಲಾಗುತ್ತಿದ್ದರೆ? ಆಗ ಒಂದೊಂದು ಕ್ಷಣ ನಿಲ್ಲಿಸಿ ತೆಗೆದ ಐಗನ್ ವ್ಯಾಲ್ಯೂ ನಂಬೋ ಹಾಗಿಲ್ಲ. 1960ರಲ್ಲಿ ಮಾರ್ಕಸ್ ಮತ್ತು ಯಮಾಬೆ ಅನ್ನೋ ಇಬ್ಬರು ಗಣಿತಜ್ಞರು ಬರೀ ಎರಡು ಸಾಲಿನ ಒಂದು ಮ್ಯಾಟ್ರಿಕ್ಸ್ ಕೊಟ್ಟರು. ಯಾವ ಕ್ಷಣ ನೋಡಿದರೂ ಐಗನ್ ವ್ಯಾಲ್ಯೂಗಳ ರಿಯಲ್ ಭಾಗ, ಅಂದ್ರೆ ಕರಗುತ್ತೋ ಬೆಳೆಯುತ್ತೋ ಹೇಳೋ ಭಾಗ, ಮೈನಸ್ 0.25. ಕದಲೋದೇ ಇಲ್ಲ. ಆದರೆ ಒಂದು ಉತ್ತರ ಉಬ್ಬುತ್ತಾ ಹೋಗಿ, 10 ಸೆಕೆಂಡಿಗೆ ಸುಮಾರು 148 ಪಟ್ಟು! ನಿಮ್ಮ ಮೈನಸ್ ಎಲ್ಲಿ ಹೋಯ್ತು ಸ್ವಾಮಿ?

ಪಂಚಮಿಗೆ ನಮ್ಮ ಕಡೆ ಮರಕ್ಕೆ ಜೋಕಾಲಿ ಕಟ್ಟುತ್ತಾರಲ್ಲ, ನಿಂತು ಜೀಕೋರನ್ನು ನೋಡಿ. ಜೋಕಾಲಿ ಕೆಳಗೆ ಬಂದಾಗ ಎದ್ದು ನಿಲ್ಲುತ್ತಾರೆ, ತುದಿಗೆ ಹೋದಾಗ ಮೊಣಕಾಲು ಮಡಚಿ ಕುಕ್ಕರಿಸುತ್ತಾರೆ. ಒಂದು ಸಲ ಹೋಗಿ ಬರೋದರಲ್ಲಿ ಎರಡು ಸಲ ಏಳೋದು. ಯಾರೂ ತಳ್ಳಲ್ಲ. ಗಾಳಿ, ಹಗ್ಗದ ಉಜ್ಜಾಟ ಎನರ್ಜಿ ತಿನ್ನುತ್ತಲೇ ಇರುತ್ತವೆ. ಆದ್ರೂ ಏರುತ್ತೆ!

ಲೆಕ್ಕದಲ್ಲೂ ಇದೇ. ಸ್ಪ್ರಿಂಗಿನ ಬಿಗಿ ಬದಲಾಗುತ್ತಿದ್ದರೆ ಎನರ್ಜಿ ಪಟ್ಟಿಯಲ್ಲಿ ಎರಡು ಸಾಲು. ಡ್ಯಾಂಪಿಂಗ್ ಗುಣಿಸು ವೇಗದ ವರ್ಗ, ಇದು ಖರ್ಚು. ಬಿಗಿ ಬದಲಾಗೋ ದರದ ಅರ್ಧ ಗುಣಿಸು ಸ್ಥಾನದ ವರ್ಗ, ಬಿಗಿ ಏರುವಾಗ ಇದು ಜಮಾ. ನೀವು ಜಮಾ ಸಾಲನ್ನೇ ಓದಿಲ್ಲ!

"ನಿಧಾನವಾಗಿ ಬದಲಾದರೆ ತೊಂದರೆ ಇಲ್ಲ" ಅಂತೀರಾ? ಎಷ್ಟು ನಿಧಾನ? ಆ ಅಂಕಿ ಹಾಕಿ ತೋರಿಸಿ, ಬೆಣ್ಣೆ ದೋಸೆ ನನ್ನ ಖರ್ಚು. ಖಾಲಿ ದೋಸೆ ಅಲ್ಲ, ಬೆಣ್ಣೆದು.

"ಹಾಗಾದ್ರೆ ಡ್ಯಾಂಪಿಂಗ್ ಜಾಸ್ತಿ ಮಾಡಿ" ಅನ್ನೋ ಮಹಾನುಭಾವರೂ ಇದ್ದಾರೆ. ಮಾಡಿ! ತೂಕ 1, ಸ್ಪ್ರಿಂಗ್ 1, ಡ್ಯಾಂಪಿಂಗ್ 2 ಪ್ಲಸ್ e ಪವರ್ t (t ಅಂದ್ರೆ ಕಾಲ, e ಅಂದ್ರೆ ಸುಮಾರು 2.718). ಕ್ಷಣ ಕ್ಷಣಕ್ಕೂ ಏರೋ ಡ್ಯಾಂಪಿಂಗ್. ಸ್ಥಾನ 2ರಿಂದ ಬಿಡಿ, ಮೈನಸ್ 1 ವೇಗ ಕೊಡಿ. ಸೊನ್ನೆಗೆ ಬರಬೇಕಿದ್ದದ್ದು 1ರ ಹತ್ತಿರ ಅಂಟಿಕೊಂಡು ಕೂರುತ್ತೆ. ಎಳೆದ ಸ್ಪ್ರಿಂಗಿನ ಎನರ್ಜಿ ಒಳಗೇ ಉಳೀತು. ತಗೊಳ್ಳಿ ನಿಮ್ಮ ಜಾಸ್ತಿ ಡ್ಯಾಂಪಿಂಗ್!

ಚಿತ್ರದುರ್ಗದ ಗುಡ್ಡದ ಮೇಲೆ ಗಾಳಿಯಂತ್ರ ತಿರುಗುತ್ತವಲ್ಲ, ಅಲ್ಲೂ ರೆಕ್ಕೆ ತಿರುಗಿದಂತೆ ಸಮೀಕರಣದ ಅಂಕಿ ಬದಲಾಗುತ್ತವೆ. ಅಂಥದ್ದಕ್ಕೆ ಪೂರ್ತಿ ಒಂದು ಸುತ್ತಿನ ಲೆಕ್ಕ ಹಾಕಬೇಕು. ಆ ದಾರಿ ಫ್ರೆಂಚ್ ಗಣಿತಜ್ಞ ಫ್ಲೋಕೆ 1883ರಲ್ಲೇ ತೋರಿಸಿದ್ದಾನೆ. ನಾವಿನ್ನೂ ಒಂದು ಕ್ಷಣ ನೋಡಿ ಸರ್ಟಿಫಿಕೇಟ್ ಕೊಡ್ತಿದ್ದೀವಿ!

ಇಷ್ಟಾದ ಮೇಲೂ "ಮೈನಸ್ ಇದೆಯಲ್ಲ ಸರ್" ಅಂತ ಬರೆಯೋರಿಗೆ ನನ್ನ ಹತ್ತಿರ ಬೇರೆ ಕಾರಣ ಇಲ್ಲ. ಇಲ್ಲ ಅಂದ್ರೆ ಇಲ್ಲ ಅಷ್ಟೇ! ಬೈಯೋರು ಬೈರಿ, ಸಬ್‌ಸ್ಕ್ರೈಬ್ ಮಾಡಿ ಬೈರಿ. ಮಂಡಕ್ಕಿ ಮಿರ್ಚಿ ಆರ್ತಾ ಇದೆ, ನಾನು ಹೊರಟೆ.