ಎಪ್ಪತ್ತೆಂಟಕ್ಕೆ ಕೈಮುಗಿಯುವ ಮುನ್ನ

ಅಧ್ಯಕ್ಷರೇ, ಕೋಲಾರದ ಸಂಗೀತಪ್ರಿಯ ಬಂಧುಗಳೇ,

ಹೊರಗಿನ ಮೇಜಿನ ಮೇಲೆ ಜೋಡಿಸಿರುವ ಗ್ರಾಮಫೋನ್ ಪ್ಲೇಟುಗಳನ್ನು ನೋಡಿಕೊಂಡೇ ಒಳಗೆ ಬಂದಿದ್ದೀರಿ. ನಾಳೆಯಿಂದ ನಮ್ಮ ಹುಡುಗರು ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸುತ್ತಾರೆ. ಒಳ್ಳೆಯ ಕೆಲಸ. ಆದರೆ ಬೆಳಿಗ್ಗೆ ಅವರಲ್ಲೊಬ್ಬ, "ಎಲ್ಲಕ್ಕೂ 78 ಇಟ್ಟುಬಿಡುತ್ತೇವೆ ಸಾರ್" ಎಂದ. ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗುವ ವೇಗ ಅದು. ಗ್ರಾಮಫೋನಿನ ಇತಿಹಾಸ ಎಂದು ನಾನು ಬರೆದು ತಂದಿದ್ದ ಭಾಷಣ ಆ ಒಂದು ಮಾತಿಗೆ ಜೇಬಿನಲ್ಲೇ ಉಳಿಯಿತು. ಈ 78ರ ಮೇಲೆ ನನಗೆ ಹಳೆಯ ಸಿಟ್ಟಿದೆ.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ನಮ್ಮ ಚಿನ್ನದ ಗಣಿಗೆ ಬಂತು. ಅದೇ ವರ್ಷ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಧ್ವನಿಮುದ್ರಣದ ತುತ್ತೂರಿಯೆದುರು ಕುಳಿತು ಹಾಡಿದರು. ಗಣಿಗೆ ಕರೆಂಟು ಬಂದರೂ ಮುದ್ರಣದ ಯಂತ್ರಕ್ಕೆ ಬಂದಿರಲಿಲ್ಲ. ಆ ಕಾಲದ ಮುದ್ರಣ ಯಂತ್ರಗಳು ಗೋಡೆ ಗಡಿಯಾರದಂತೆ ಭಾರದ ಗುಂಡು ಇಳಿಯುತ್ತಾ ತಿರುಗುತ್ತಿದ್ದವು. ವೇಗವನ್ನು ಹಿಡಿತದಲ್ಲಿಡಲು ಒಂದು ಗವರ್ನರ್, ಅದನ್ನು ತಿರುಪಲು ಒಂದು ಕೈ. ಇಂದು 74, ನಾಳೆ 80. 1925ರ ಸುಮಾರಿಗೆ ವಿದ್ಯುತ್ ಧ್ವನಿಮುದ್ರಣ ಬಂದ ಮೇಲೆಯೇ 78 ನೆಲೆಯಾದದ್ದು. ಅದೂ ಸರಿಯಾದ 78 ಅಲ್ಲ! ಅಮೆರಿಕದ ಸೆಕೆಂಡಿಗೆ 60 ಸೈಕಲ್ ಕರೆಂಟಿನಲ್ಲಿ ನಿಮಿಷಕ್ಕೆ 3600 ಸುತ್ತುವ ಮೋಟಾರಿಗೆ 46ಕ್ಕೆ ಒಂದರಂತೆ ಗೇರು ಹಾಕಿದರೆ 78.26 ಬರುತ್ತದೆ. ನಮ್ಮ 50 ಸೈಕಲ್ಲಿನ ಲೆಕ್ಕದಲ್ಲಿ 77.92. ಇದು ಹಲ್ಲುಚಕ್ರದ ಗುಣಾಕಾರ, ಋಷಿವಾಕ್ಯವಲ್ಲ.

ಈ ಲೆಕ್ಕ ನನ್ನ ತಲೆಗೆ ಹತ್ತಿದ್ದು ಮಾನ ಹೋದ ಮೇಲೆ. ನನ್ನ ಅಳಿಯ ಇಂಟರ್‌ನೆಟ್ಟಿನಿಂದ ವೇಗ ನೋಡುವ ಗೆರೆಚಕ್ರವೊಂದನ್ನು ಮುದ್ರಿಸಿ ತಂದ. ಪ್ಲೇಟಿನ ಮೇಲಿಟ್ಟು ದೀಪದ ಕೆಳಗೆ ತಿರುಗಿಸಿದರೆ, ವೇಗ ಸರಿಯಾದಾಗ ಗೆರೆಗಳು ನಿಂತಂತೆ ಕಾಣಬೇಕು. ಅದಕ್ಕೆ ದೀಪ ಕರೆಂಟಿನ ಸೈಕಲ್ಲಿಗೆ ತಕ್ಕಂತೆ ಮಿನುಗಬೇಕು. ನಮ್ಮ ಮನೆಯ ಎಲ್‌ಇಡಿ ದೀಪ ಹಾಗೆ ಮಿನುಗುತ್ತಿರಲಿಲ್ಲ, ಏನೂ ನಿಲ್ಲಲಿಲ್ಲ. ಪಕ್ಕದ ಮನೆಯವರು ಕೋಳಿಮರಿಗಳಿಗೆ ಕಾವು ಕೊಡಲು ಇಟ್ಟಿದ್ದ ಹಳೆಯ ಬುರುಡೆ ಬಲ್ಬನ್ನು ಬೇಡಿ ತಂದೆ. ಮರಿಗಳು ಅರ್ಧ ಗಂಟೆ ಚಳಿಯಲ್ಲಿ ಕಿಚಕಿಚ ಎನ್ನುತ್ತಿದ್ದವು. ಈಗ ಗೆರೆಗಳು ಕಲ್ಲಿನಲ್ಲಿ ಕೆತ್ತಿದಂತೆ ನಿಂತವು. ನಾನು ಗೆದ್ದವನಂತೆ ಒಂದು ನಾಟಕದ ಹಾಡು ಹಾಕಿದೆ.

ಅಡುಗೆಮನೆಯಿಂದ ಸೋದರತ್ತೆ ಒಗ್ಗರಣೆ ಸೌಟು ಹಿಡಿದೇ ಬಂದರು. ಅವರು ಹರೆಯದಲ್ಲಿ ನಾಟಕ ಕಂಪನಿಗೆ ಹಾರ್ಮೋನಿಯಂ ನುಡಿಸಿದವರು. "ಯಾರೋ ಇವನು, ಆ ಹೆಂಗಸಿನ ಹಾಡು ಹಾಡುತ್ತಿರುವ ಗಂಡಸು?" ಎಂದರು. ಹೆಂಗಸೇ ಅತ್ತೆ ಎಂದೆ. ಹಾರ್ಮೋನಿಯಂ ಪೆಟ್ಟಿಗೆ ತೆರೆದು ಒಂದು ಮನೆ, ಅಂದರೆ ಒಂದು ಸ್ವರದ ಪಟ್ಟಿ, ಒತ್ತಿದರು. "ಐದೂವರೆ ಮನೆಯಲ್ಲಿ ಹಾಡಿದವಳನ್ನು ನಾಲ್ಕಕ್ಕೆ ಇಳಿಸಿದ್ದೀಯ. ಅವಳಿಗೆ ಗಡ್ಡ ಒಂದು ಬಾಕಿ." ನಾನು ಒಪ್ಪಲಿಲ್ಲ, ಗೆರೆಗಳನ್ನು ತೋರಿಸಿದೆ. ಅತ್ತೆ ಮಾತಾಡದೆ ತಮ್ಮ ಮುಳಬಾಗಿಲಿನ ಬಸ್ ಟಿಕೆಟನ್ನು ಪ್ಲೇಟಿನ ಅಂಚಿಗೆ ಸಿಕ್ಕಿಸಿ, "ಎಣಿಸು" ಎಂದರು. ಒಂದು ನಿಮಿಷ ಎಣಿಸಿದೆ. ಅರವತ್ತೈದು!

ಆಮೇಲೆ ಗೆರೆಗಳನ್ನು ಎಣಿಸಿದರೆ 92. ಅದು ಅಮೆರಿಕದ ಕರೆಂಟಿನ ಚಕ್ರ. ನಮಗೆ ಬೇಕಾದದ್ದು 77 ಗೆರೆಗಳದ್ದು. ಇಲ್ಲೊಂದು ಸೂಕ್ಷ್ಮವಿದೆ. ಹಾರ್ಮೋನಿಯಂ ಕೂಡ ಅಲ್ಲಿ ನನಗೆ ನೆರವಾಗುತ್ತಿರಲಿಲ್ಲ, ಏಕೆಂದರೆ ಶ್ರುತಿ ಹೆಚ್ಚುಕಡಿಮೆ ಸರಿಯಾಗಿ ಒಂದು ಮನೆಯ ಮೇಲೆಯೇ ಕುಳಿತಿತ್ತು. ಕುಳಿತಿರದದ್ದು ದನಿ. ಅದು ಗೊತ್ತಾದದ್ದು ಆ ದನಿಯನ್ನು ಕೇಳಿದ್ದ ಕಿವಿಗೆ.

78ರಿಂದ ಸುಮಾರು 82.6ಕ್ಕೆ ಏರಿದರೆ ಶ್ರುತಿ ಅರ್ಧ ಮನೆ ಏರುತ್ತದೆ. ನಾಲ್ಕೂವರೆ ಸುತ್ತು, ಅಷ್ಟೇ! ಹಿಂದಿನ ಗಾಯಕಿಯರೆಲ್ಲ ಕೀರಲು ಎಂದು ಮೂಗು ಮುರಿಯುವವರು ಮೊದಲು ತಮ್ಮ ಮೋಟಾರನ್ನು ನೋಡಿಕೊಳ್ಳಬೇಕು. 74ರಲ್ಲಿ ಮುದ್ರಿಸಿದ್ದನ್ನು 78ರಲ್ಲಿ ಓಡಿಸಿ, ಹಾಡಿದವಳ ಮೇಲೆ ತಪ್ಪು ಹೊರಿಸುವುದು ಯಾವ ನ್ಯಾಯ? ಗೌಹರ್ ಜಾನ್ ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ನನಗೆ ಆ ಮಾತು ಹಾಡಿಗಿಂತ ಉಪಕಾರಿ. ಹಾಡು ನಮ್ಮನ್ನು ಮರುಳು ಮಾಡುತ್ತದೆ, ಮಾತನಾಡುವ ದನಿ ಅಷ್ಟು ಸುಲಭವಾಗಿ ಮಾಡುವುದಿಲ್ಲ. ಅವರು ಕೊನೆಗೆ ನಮ್ಮ ಮೈಸೂರಿಗೇ ಬಂದು, 1930ರಲ್ಲಿ ಅಲ್ಲಿಯೇ ತೀರಿಕೊಂಡರು.

ಇನ್ನು ಯಂತ್ರದ ವಿಚಾರ. ಎಣಿಸುವಾಗ ಮುಳ್ಳು ಪ್ಲೇಟಿನ ಮೇಲಿರಬೇಕು, ಅದರ ಎಳೆತಕ್ಕೆ ವೇಗ ಸ್ವಲ್ಪ ಇಳಿಯುತ್ತದೆ. ಕೀಲಿ ಪೂರ್ತಿ ಕೊಟ್ಟಿರಬೇಕು. ಹಾಡಿನ ಮೊದಲಿಗೆ ಸರಿಯಿದ್ದು ಕೊನೆಗೆ ಜೋಲು ಬಿದ್ದರೆ ವೇಗದ ತಿರುಪನ್ನು ಮುಟ್ಟಬೇಡಿ, ರೋಗ ಸ್ಪ್ರಿಂಗಿನಲ್ಲೋ ಒಣಗಿದ ಗ್ರೀಸಿನಲ್ಲೋ ಇರುತ್ತದೆ. ಗವರ್ನರಿನ ಚಕ್ರಕ್ಕೆ ಒರಗುವ ಮೆತ್ತೆಗೆ ಒಂದು ಹನಿ ಎಣ್ಣೆ ಸಾಕು, ಹೊಲಿಗೆ ಯಂತ್ರದ ಎಣ್ಣೆ. ನಾನು ಒಮ್ಮೆ ಕೊಬ್ಬರಿ ಎಣ್ಣೆ ಬಿಟ್ಟಿದ್ದೆ. ನಗಬೇಡಿ, ಕೈಗೆ ಸಿಕ್ಕಿದ್ದು ಅದೇ. ಡಿಸೆಂಬರಿನ ಬೆಳಿಗ್ಗೆ ಅದು ಬಾಟಲಿಯಲ್ಲಿ ಹೆಪ್ಪುಗಟ್ಟಿದಂತೆಯೇ ಮೋಟಾರಿನಲ್ಲೂ ಹೆಪ್ಪುಗಟ್ಟಿತ್ತು. ಸುಪ್ರಭಾತ ಹಾಡಬೇಕಾದವರು ಆಕಳಿಸಿದರು.

ಚೀಟಿ ಬಂದಿದೆ, ಐದು ನಿಮಿಷವಂತೆ. ಎಡಿಸನ್‌ನ ದಪ್ಪ ಡಿಸ್ಕಿಗೆ 80, ಅವನ ಅಚ್ಚಿನ ಸಿಲಿಂಡರುಗಳಿಗೆ 160. ಅವುಗಳ ಸಂಸಾರವೇ ಬೇರೆ, ಇಲ್ಲಿಗೆ ಬಿಡುತ್ತೇನೆ. ಲೇಬಲ್ ಮೇಲೆ 80 ಎಂದು ಅಚ್ಚಾಗಿದ್ದರೆ ಅದರಿಂದ ಆರಂಭಿಸಿ, ಅಲ್ಲಿಗೇ ನಿಲ್ಲಬೇಡಿ. ಹುಡುಗರೇ, ನೀವು ಯಾವ ವೇಗ ಇಟ್ಟಿರಿ, ಏಕೆ ಇಟ್ಟಿರಿ ಎಂಬುದನ್ನು ಪ್ರತಿ ಹಾಡಿನ ಜೊತೆ ಬರೆದಿಡಿ. ಮುಂದೆ ಒಬ್ಬ ಅತ್ತೆ ಬಂದು ಜಗಳವಾಡಲು ಜಾಗವಿರಲಿ.

ಸ್ಪ್ರಿಂಗಿನ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಅದರ ಕಥೆ ಹೇಳಲು ಹೊತ್ತಿಲ್ಲ, ಈ ಹೆಬ್ಬೆರಳನ್ನು ನೋಡಿದರೆ ಸಾಕು.

ಈಗ ಕೀಲಿ ಕೊಟ್ಟಿದ್ದೇನೆ. ಮುಂದಿನ ಸಾಲಿನಲ್ಲಿ ಯಾರ ಬಳಿಯಾದರೂ ಬಸ್ ಟಿಕೆಟ್ ಇದೆಯೇ? ಕೊಡಿ ತಾಯಿ. ಮೊಬೈಲಿನಲ್ಲಿ ಒಂದು ನಿಮಿಷ ಇಟ್ಟುಕೊಳ್ಳಿ. ಮುಳ್ಳು ಇಡುತ್ತಿದ್ದೇನೆ. ಟಿಕೆಟ್ ನಿಮ್ಮ ಕಡೆಗೆ ಬಂದಾಗಲೆಲ್ಲ ಎಲ್ಲರೂ ಗಟ್ಟಿಯಾಗಿ ಎಣಿಸಿ. ಒಂದು...